ತಟ್ಟೆಯಿಲ್ಲದ ಕುರ್ಚಿಯ ದುಭಾಷಿ

ಬೀದಿ ದೀಪ ಇನ್ನೂ ಆರಿಲ್ಲ. ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ರೇಡಿಯೊ ಸಣ್ಣ ದನಿಯಲ್ಲಿ ವಾರ್ತೆ ಓದುತ್ತಿದೆ. ಭಾಷೆ ಹೊಳೆಯಾಚೆಯ ದೇಶದ್ದು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎಂಬತ್ತು ದಾಟಿದ ತಾಯಿ ಶಾಲು ಹೊದ್ದು ಕೂತಿದ್ದಾರೆ. ಹಿಂದೆ ನಿಂತ ಮಗಳು ಅವರ ಬೆಳ್ಳಿ ಕೂದಲಿನ ಸಿಕ್ಕು ಬಿಡಿಸಿ ಬಾಚುತ್ತಿದ್ದಾರೆ. ಬಾಚಣಿಗೆ ಇಳಿದಂತೆಲ್ಲ ಮಗಳ ತುಟಿ ಅಲುಗುತ್ತದೆ. ವಾರ್ತೆ ಓದುವವನು ಅರ್ಧ ವಾಕ್ಯ ಮುಂದೆ, ಇವರು ಅರ್ಧ ವಾಕ್ಯ ಹಿಂದೆ. ಅವನು ಅಲ್ಲಿ ಕಲ್ಲಿದ್ದಲು ಗಣಿಯ ಮುಷ್ಕರ ಎಂದರೆ ಇಲ್ಲಿ ಅದೇ ಮುಷ್ಕರ ನಮ್ಮ ಮಾತಿನಲ್ಲಿ ಪಿಸುಗುಟ್ಟುತ್ತದೆ. ಅವನು ಹವಾಮಾನಕ್ಕೆ ಬರುವ ಹೊತ್ತಿಗೆ ಜಡೆ ಮುಗಿದಿರುತ್ತದೆ, ಒಲೆಯ ಮೇಲೆ ಗಂಜಿ ಉಕ್ಕಲು ಹವಣಿಸುತ್ತಿರುತ್ತದೆ.

"ಹಾಡೋರು ಬೆಳಿಗ್ಗೆ ಎದ್ದು ಸಾಧನೆ ಮಾಡ್ತಾರಲ್ಲ, ನಂದು ಇದು," ಎನ್ನುತ್ತಾರೆ ಅವರು ಒಲೆ ಸಣ್ಣ ಮಾಡುತ್ತ. "ನಡುನಡುವೆ ಅಮ್ಮ ಆ ವಾರ್ತೆಯವನನ್ನ ಸುಳ್ಳುಬುರುಕ, ಮುಖೇಡಿ ಅಂತೆಲ್ಲ ಬೈತಾರೆ. ಅದನ್ನೂ ಬಿಡದೆ ಅನುವಾದ ಮಾಡ್ಕೋತೀನಿ. ಅಭ್ಯಾಸ ಅಭ್ಯಾಸನೇ ಅಲ್ವಾ?"

ಅವರು ದುಭಾಷಿ. ವಿದೇಶಾಂಗ ಇಲಾಖೆಯ ಭಾಷಾ ವಿಭಾಗದಲ್ಲಿ ಕೆಲಸ. ನಮ್ಮ ದೇಶಕ್ಕೂ ಹೊಳೆಯಾಚೆಯ ದೇಶಕ್ಕೂ ಗಡಿಯ ಭದ್ರತೆಯ ಬಗ್ಗೆ, ವಿದ್ಯುತ್ ಕೊಡುಕೊಳ್ಳುವಿಕೆಯ ಬಗ್ಗೆ ನಡೆಯುವ ಮಾತುಕತೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಬದಿಯ ದನಿ ಅವರದೇ. ನೀವು ಅವರನ್ನು ಖಂಡಿತ ನೋಡಿದ್ದೀರಿ. ನೋಡಿದ್ದೀರಿ ಎಂದು ನಿಮಗೆ ಗೊತ್ತಿಲ್ಲ, ಅಷ್ಟೇ. ಇಬ್ಬರು ದೊಡ್ಡ ಮನುಷ್ಯರು ಕೈ ಕುಲುಕುತ್ತ ಕ್ಯಾಮೆರಾ ಕಡೆ ನಗುವ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತವಲ್ಲ, ಅವುಗಳಲ್ಲಿ ಇಬ್ಬರ ಭುಜಗಳ ಸಂದಿಯಲ್ಲಿ ಒಂದು ಕಿವಿ, ಒಂದಿಷ್ಟು ನರೆಗೂದಲು, ಕಪ್ಪು ಕೋಟಿನ ಒಂದು ತೋಳು ಕಾಣುತ್ತದೆ. ಆ ತೋಳು ಅವರದು. ಒಂದೆರಡು ಸಲ ಪತ್ರಿಕೆಯವರು ಅಷ್ಟನ್ನೂ ಕತ್ತರಿಸಿ ಹಾಕಿದ್ದುಂಟು.

ಅವರ ಕುರ್ಚಿಯ ವಿಚಾರ ಹೇಳಿದರೆ ನಗು ಬರುತ್ತದೆ. ಔತಣಕೂಟಗಳಲ್ಲಿ ಅತಿಥಿಗಳ ಕುರ್ಚಿಗಳಿಗಿಂತ ಒಂದು ಗೇಣು ಹಿಂದೆ, ಇಬ್ಬರ ನಡುವೆ, ದುಭಾಷಿಗೊಂದು ಸಣ್ಣ ಕುರ್ಚಿ ಹಾಕುತ್ತಾರೆ. ಅದರ ಮುಂದೆ ಮೇಜಿಲ್ಲ. ಮೇಜಿಲ್ಲದ ಮೇಲೆ ತಟ್ಟೆಯೂ ಇಲ್ಲ. ಒಬ್ಬರು ಅಗಿಯುವಾಗ ಇನ್ನೊಬ್ಬರು ಮಾತಾಡುತ್ತಾರೆ. ಇಬ್ಬರಿಗೂ ಬಿಡುವುಂಟು, ಮಧ್ಯದವರಿಗಿಲ್ಲ. ಅವರ ಗಂಡ ಕಟ್ಟಿಕೊಟ್ಟ ಬುತ್ತಿಯನ್ನು ಅವರು ಔತಣಕ್ಕೆ ಮುಂಚೆ ಕೋಟು ನೇತುಹಾಕುವ ಕೋಣೆಯಲ್ಲಿ ನಿಂತುಕೊಂಡೇ ಉಣ್ಣುತ್ತಾರೆ. "ಮದುವೆ ಮನೆಗೆ ಹೋಗಿ ಉಪವಾಸ ಬಂದೋಳು ಅಂದ್ರೆ ನಾನೇ," ಎಂದು ನಗುತ್ತಾರೆ. "ಹೊಸದರಲ್ಲಿ ಬಾಯಲ್ಲಿ ನೀರೂರೋದು. ನೀರೂರಿದ್ರೆ ಮಾತು ಸ್ಪಷ್ಟ ಬರಲ್ಲ. ಅದಕ್ಕೇ ಹೊಟ್ಟೆ ತುಂಬ ತಿಂದುಕೊಂಡೇ ಹೋಗ್ಬೇಕು."

ಕಚೇರಿಯಲ್ಲಿ ಅವರಿಗೆ 'ಎರಡು ನಾಲಿಗೆಯವರು' ಎಂದು ಅಡ್ಡಹೆಸರು. ಮೊದಲು ಕರೆದವರು ತಮಾಷೆಗೆ ಕರೆದರು, ಈಗ ಚಹಾ ತರುವವರೂ ಪ್ರೀತಿಯಿಂದ ಹಾಗೇ ಕರೆಯುತ್ತಾರೆ. ಇಡೀ ಕಟ್ಟಡದಲ್ಲಿ ಕೇಳಿದ ಮಾತನ್ನು ಕೇಳಿದ ಹಾಗೇ ಹೇಳುವುದೇ ಕೆಲಸವಾಗಿರುವ ಏಕೈಕ ವ್ಯಕ್ತಿಗೆ ಈ ಹೆಸರು ಬಂದದ್ದು ಹಣೆಬರಹ ಎನ್ನಬೇಕು.

ಅವರ ತಾಯಿ ಹೊಳೆಯಾಚೆಯಿಂದ ಮದುವೆಯಾಗಿ ಬಂದವರು. ಆಗ ಸೇತುವೆಗೆ ಗೇಟು ಇರಲಿಲ್ಲ. ಈ ದಡದವರು ಕೂದಲು ಕತ್ತರಿಸಿಕೊಳ್ಳಲು ಆ ದಡಕ್ಕೆ, ಆ ದಡದವರು ಹಲ್ಲು ಕೀಳಿಸಿಕೊಳ್ಳಲು ಈ ದಡಕ್ಕೆ ಬಂದು ಹೋಗುತ್ತಿದ್ದರಂತೆ. ಮಗಳು ಅಂಬೆಗಾಲಿಡುವ ಹೊತ್ತಿಗೆ ಎರಡು ದೇಶಗಳಿಗೂ ಮನಸ್ತಾಪವಾಯಿತು. ಗೇಟು ಬಂತು, ಗೇಟಿಗೆ ಕಾವಲು ಬಂತು, ಆಮೇಲೆ ಗೇಟು ಮುಚ್ಚಿಯೇ ಹೋಯಿತು. ನೆರೆಹೊರೆಯವರು ಕಣ್ಣು ಕೆಂಪಗೆ ಮಾಡಿಯಾರೆಂದು ತಾಯಿ ಬೀದಿಯಲ್ಲಿ ತಮ್ಮ ಭಾಷೆ ಆಡುವುದನ್ನು ಬಿಟ್ಟರು. ಮನೆಯೊಳಗೆ ಮಾತ್ರ, ಅದೂ ಎರಡೇ ಸಂದರ್ಭಗಳಲ್ಲಿ, ಅದು ತಾನಾಗಿ ಹೊರಗೆ ಬರುತ್ತಿತ್ತು: ಮಗಳನ್ನು ಬೈಯುವಾಗ, ಮಗಳನ್ನು ಮಲಗಿಸುವಾಗ.

"ಹಾಗಾಗಿ ಬೈಗುಳ, ಮುದ್ದು ಇವೆರಡು ಬಿಟ್ಟು ನಂಗೆ ಆ ಭಾಷೇಲಿ ಬೇರೇನೂ ಬರ್ತಿರಲಿಲ್ಲ," ಎನ್ನುತ್ತಾರೆ ದುಭಾಷಿ. ಇಲಾಖೆಯ ಪರೀಕ್ಷೆಗೆ ಮೊದಲ ಸಲ ಕೂತಾಗ ಅವರು ನಪಾಸಾದದ್ದೂ ಅದಕ್ಕೇ. "ಪರೀಕ್ಷೆ ಮಾಡೋಕೆ ಬಂದ ಹಿರಿಯರನ್ನ ಏಕವಚನದಲ್ಲಿ ಮಾತಾಡಿಸಿಬಿಟ್ಟೆ! 'ನೀನು ಕೂತ್ಕೋ, ನೀನು ಹೇಳು' ಅಂತ. ಅಮ್ಮ ನನ್ನ ಜತೆ ಯಾವತ್ತು ಬಹುವಚನದಲ್ಲಿ ಮಾತಾಡಿದ್ರು ಹೇಳಿ, ನಂಗೆ ಬರೋಕೆ?" ಎರಡನೇ ಸಲ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ದೊಡ್ಡ ಅಧಿಕಾರಿಯೆಂದು ಭಾವಿಸಿ, ವಾರಗಟ್ಟಲೆ ಬಹುವಚನದಲ್ಲಿ ಮಾತಾಡಿಸಿದರು. ತಾಯಿಗೆ ಸಿಟ್ಟು ಬಂತಂತೆ. "ನನ್ನನ್ನ ಹೊರಗಿನವಳ ಥರ ಮಾಡ್ತಿದ್ದಾಳೆ" ಎಂದು ಅಪ್ಪನ ಹತ್ತಿರ ದೂರು ಹೇಳಿದರಂತೆ.

ಕೆಲಸ ಸಿಕ್ಕಿತು. ಕಷ್ಟ ಶುರುವಾದದ್ದು ಆಮೇಲೆ. ತಾಯಿಯ ಭಾಷೆಯಲ್ಲಿ ಹಸಿವುಂಟು, ನಿದ್ದೆಯುಂಟು, ಹೊಳೆಯ ಏಳೆಂಟು ಬಗೆಯ ಮೀನುಗಳುಂಟು. ವಿದ್ಯುತ್ ಜಾಲ, ಪ್ರಸರಣ ನಷ್ಟ, ಲೋಡು ಇತ್ಯಾದಿ ಎಲ್ಲಿಂದ ಬರಬೇಕು? ಪದಗಳನ್ನು ಬಾಯಿಪಾಠ ಮಾಡಬಹುದು. ಆದರೆ ಅರ್ಥವಾಗದ ಮಾತನ್ನು ಅನುವಾದ ಮಾಡುವುದು ಮುಚ್ಚಿದ ಪಾತ್ರೆ ಹೊತ್ತುಕೊಂಡು ಓಡಿದ ಹಾಗೆ, ಒಳಗೆ ಏನು ಚೆಲ್ಲಿತು ಎಂದು ಹೊತ್ತವರಿಗೇ ಗೊತ್ತಾಗುವುದಿಲ್ಲ.

ಇಲ್ಲಿ ಕೈ ಹಿಡಿದವರು ಕೈ ಹಿಡಿದ ಗಂಡನೇ. ಅವರು ಲಿಫ್ಟ್ ರಿಪೇರಿ ಮಾಡುವವರು. ಊರಿನ ಅರ್ಧದಷ್ಟು ಕಟ್ಟಡಗಳ ಲಿಫ್ಟುಗಳ ನಾಡಿ ಅವರಿಗೆ ಗೊತ್ತು. ಒಂದು ಭಾನುವಾರ ಹೆಂಡತಿಯನ್ನು ಖಾಲಿ ಕಟ್ಟಡವೊಂದಕ್ಕೆ ಕರೆದುಕೊಂಡು ಹೋದರು. ಲಿಫ್ಟಿನೊಳಗೆ ಮೊದಲು ಒಬ್ಬರನ್ನೇ ನಿಲ್ಲಿಸಿ ಮೇಲಕ್ಕೆ ಕಳಿಸಿದರು. ಆಮೇಲೆ ಒಳಗೆ ಮರಳಿನ ಚೀಲಗಳನ್ನು ಒಂದೊಂದಾಗಿ ಪೇರಿಸುತ್ತ ಹೋದರು. "ಈಗ ಮೋಟರಿನ ದನಿ ಕೇಳಿಸ್ಕೋ. ಏದುಸಿರು ಬಿಡ್ತಾ ಇದೆಯಾ? ಅದೇ ಕಣೇ ಲೋಡು," ಎಂದರು. ಇನ್ನೂ ಒಂದು ಚೀಲ ಹಾಕಿದಾಗ ಲಿಫ್ಟು ಎರಡು ಮಹಡಿಗಳ ನಡುವೆ ನಿಂತೇ ಹೋಯಿತು. ಹೆಂಡತಿ ಒಳಗೆ, ಗಂಡ ಹೊರಗೆ.

"ಅದು ಪಾಠದಲ್ಲಿ ಇರ್ಲಿಲ್ಲ," ಎಂದು ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಿರುವ ಗಂಡ ದನಿಗೂಡಿಸುತ್ತಾರೆ. "ಆದ್ರೆ ಇಳಿಸೋವರೆಗೂ ನಂಗೆ ಅವಳ ಅಮ್ಮನ ಭಾಷೇಲಿ ಬೈದ್ಲು ನೋಡಿ, ಅವತ್ತೇ ಅಂದ್ಕೊಂಡೆ, ಇವಳು ದೊಡ್ಡ ದುಭಾಷಿ ಆಗ್ತಾಳೆ ಅಂತ."

ಚಳಿಗಾಲ ಬಂತೆಂದರೆ ಈ ಮನೆಯವರಿಗೆ ಕರೆಂಟಿನ ಮಾತು ಮೇಜಿನ ಮೇಲಿನ ಮಾತಾಗಿ ಉಳಿಯುವುದಿಲ್ಲ. ಊರಿಗೆ ಬರುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಹೊಳೆ ದಾಟಿ ಬರುವ ಒಂದೇ ಲೈನಿನದು. ಆ ಲೈನು ಸೊರಗಿದರೆ ಊರಿನ ಲಿಫ್ಟುಗಳು ಎಲ್ಲೆಂದರಲ್ಲಿ ನಿಲ್ಲುತ್ತವೆ. ಗಂಡ ಸಿಕ್ಕಿಬಿದ್ದವರನ್ನು ಹೊರಗೆಳೆಯಲು ಓಡಬೇಕು. ಮನೆಯಲ್ಲಿ ತಾಯಿಯ ಕೋಣೆಯ ಹೀಟರು ಆರುತ್ತದೆ. ಅವರ ಎದೆಗೆ ಚಳಿ ತಾಗಿದರೆ ಕೆಮ್ಮು, ಕೆಮ್ಮು ಬಂದರೆ ಆಸ್ಪತ್ರೆ. ಎರಡು ದೇಶಗಳು ಮುನಿಸಿಕೊಂಡರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಹಾಗೆ ಬಡವಾಗುವ ಕೂಸು ಈ ಮನೆಯಲ್ಲಿ ಎಂಬತ್ತು ದಾಟಿದ್ದು.

ಆ ಕೂಸಿನ ನೆನಪು ಐದಾರು ವರ್ಷಗಳಿಂದ ಒಂದೊಂದೇ ದೀಪ ಆರಿಸಿಕೊಂಡು ಬರುತ್ತಿದೆ. ಮೊದಲು ಬೀಗದ ಕೈ ಮರೆತರು. ಆಮೇಲೆ ಬೀದಿ ಮರೆತರು. ಒಂದು ದಿನ ಎದ್ದವರೇ ನಮ್ಮ ಭಾಷೆಯನ್ನೇ ಮರೆತುಬಿಟ್ಟರು. ಐವತ್ತಕ್ಕೂ ಹೆಚ್ಚು ವರ್ಷ ಆಡಿದ ಮಾತು, ಗಂಡನ ಜೊತೆ ಬಾಳಿದ ಮಾತು, ತರಕಾರಿಯವನ ಜೊತೆ ಚೌಕಾಸಿ ಮಾಡಿದ ಮಾತು, ಎಲ್ಲ ಹೋಯಿತು. ಉಳಿದದ್ದು ಹುಡುಗಿಯಾಗಿದ್ದಾಗ ಹೊಳೆಯಾಚೆ ಆಡಿದ ಭಾಷೆ ಮಾತ್ರ. ಈಗ ಅಳಿಯನಿಗೆ ಅತ್ತೆಯ ಮಾತು ತಿಳಿಯುವುದಿಲ್ಲ, ಅತ್ತೆಗೆ ಅಳಿಯನ ಮಾತು ತಿಳಿಯುವುದಿಲ್ಲ. ದುಭಾಷಿ ಕಚೇರಿಯಿಂದ ಬಂದು ಕೋಟು ಬಿಚ್ಚಿದ ಮೇಲೆ ಮನೆಯಲ್ಲಿ ಎರಡನೇ ಪಾಳಿ ಶುರು.

"ಆಫೀಸಲ್ಲಿ ಒಂದಕ್ಷರ ಆಚೀಚೆ ಮಾಡಲ್ಲ. ಅದು ಪ್ರಾಣ ಹೋದ್ರೂ ಮಾಡಲ್ಲ," ಎಂದು ತಾಯಿಯ ಗದ್ದಕ್ಕೆ ಇಳಿದ ಗಂಜಿಯನ್ನು ಚಮಚದಿಂದಲೇ ಎತ್ತುತ್ತ ಹೇಳುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ. "ಮನೇಲಿ ಮಾಡ್ತೀನಿ."

ಅಷ್ಟರಲ್ಲಿ ತಾಯಿ ಅಳಿಯನನ್ನು ದಿಟ್ಟಿಸಿ ಏನೋ ಅನ್ನುತ್ತಾರೆ. ಮಗಳು ತಕ್ಷಣ, "ತಿಂಡಿ ತಿಂದ್ಯೇನಪ್ಪಾ ಅಂತ ಕೇಳ್ತಿದ್ದಾರೆ," ಎನ್ನುತ್ತಾರೆ.

"ಇಲ್ಲ," ಎನ್ನುತ್ತಾರೆ ಗಂಡ, ಬೂಟಿನ ದಾರ ಬಿಗಿಯುತ್ತ. "ಈ ಗಡವ ಇನ್ನೂ ನಮ್ಮನೇಲೇ ಇದ್ದಾನಾ ಅಂತ ಕೇಳಿದ್ರು. ದಿನಾ ಕೇಳ್ತಾರೆ. ಗಡವ ಅನ್ನೋ ಪದ ನಂಗೆ ಮೊದಲ ವಾರನೇ ಬಂತು." ಎದ್ದು ಅತ್ತೆಯ ಮುಂದೆ ಬಗ್ಗಿ, ತಾವು ಕಲಿತಿರುವ ಹತ್ತಿಪ್ಪತ್ತು ಪದಗಳಲ್ಲಿ ಎರಡನ್ನು ಜೋಡಿಸಿ, ಹೋಗಿ ಬರುತ್ತೇನೆ ಎನ್ನುತ್ತಾರೆ. ಉಚ್ಚಾರ ಕೆಟ್ಟಿದೆ ಎಂದು ನಮಗೂ ಗೊತ್ತಾಗುತ್ತದೆ. ತಾಯಿ ಬಾಯಿ ತುಂಬ ನಗುತ್ತಾರೆ.

ಕಳೆದ ಚಳಿಗಾಲಕ್ಕೆ ಮುಂಚೆ ನಡೆದ ಮಾತುಕತೆಯ ವಿಷಯವನ್ನು ದುಭಾಷಿ ತಾವಾಗಿ ಎತ್ತುವುದಿಲ್ಲ. ಕೋಣೆಯೊಳಗಿನ ಮಾತು ಕೋಣೆಯೊಳಗೇ ಇರಬೇಕು ಎಂಬುದು ಅವರ ವೃತ್ತಿಯ ಮೊದಲ ನಿಯಮ. ಆದರೆ ಆ ದಿನದ ಸಭೆಯ ವರದಿಯನ್ನು ಎರಡೂ ಸರ್ಕಾರಗಳು ಆಮೇಲೆ ಬಹಿರಂಗ ಮಾಡಿವೆ. ಅದರಲ್ಲಿ 'ದುಭಾಷಿ ಸ್ಪಷ್ಟನೆ ಕೋರಿದರು' ಎಂಬ ಒಂದು ಸಾಲು ಇದೆ. ಆ ಸಾಲಿನ ಮಟ್ಟಿಗೆ ಮಾತಾಡಲು ಅವರು ಒಪ್ಪುತ್ತಾರೆ, ಅದೂ ವಿಭಾಗದ ಮುಖ್ಯಸ್ಥರನ್ನು ಕೇಳಿದ ಮೇಲೆ.

ಆ ಹೊತ್ತಿಗೆ ಗಡಿಯಲ್ಲಿ ಒಂದು ಕಾವಲು ಠಾಣೆಯ ವಿಷಯಕ್ಕೆ ಕಿಡಿ ಹತ್ತಿತ್ತು. ನಮ್ಮವರು ಠಾಣೆಯನ್ನು ಮುಂದಕ್ಕೆ ತಂದಿದ್ದಾರೆ ಎಂದು ಅವರು, ತಂದಿಲ್ಲ ಎಂದು ಇವರು. ಅದೇ ವಾರ ವಿದ್ಯುತ್ ಲೈನಿನ ಒಪ್ಪಂದ ಹೊಸದಾಗಬೇಕಿತ್ತು. ಎರಡೂ ವಿಷಯಗಳನ್ನು ಒಂದೇ ಮೇಜಿಗೆ ತಂದರು. ಉದ್ದನೆಯ ಕೋಣೆ, ಹಸಿರು ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರ ಮುಂದೆಯೂ ಯಾರೂ ಮುಟ್ಟದ ನೀರಿನ ಲೋಟ. ನಮ್ಮ ಬದಿಯ ನಾಯಕರಿಗೆ ದುಭಾಷಿಗಳು ತಮ್ಮತಮ್ಮಲ್ಲೇ ಇಟ್ಟಿರುವ ಹೆಸರು 'ಗಡಿಯಾರ', ಮಾತಿಗೊಮ್ಮೆ ಮುಂಗೈ ನೋಡಿಕೊಳ್ಳುತ್ತಾರೆಂದು. ಆ ಬದಿಯ ಹಿರಿಯರು 'ಕೆಮ್ಮಜ್ಜ'. ಮುಖ್ಯವಾದದ್ದು ಏನಾದರೂ ಹೇಳುವ ಮುನ್ನ ಅವರು ಒಮ್ಮೆ ಕೆಮ್ಮುತ್ತಾರೆ.

ಬೆಳಗಿನಿಂದ ಮಾತು ಬೆಳೆದೂ ಬೆಳೆದೂ ಎಲ್ಲರ ಮುಖ ಗಂಟಾಗಿತ್ತು. ಆಗ ಕೆಮ್ಮಜ್ಜ ಕೆಮ್ಮಿದರು. ದುಭಾಷಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಕೆಮ್ಮಜ್ಜ ಹೇಳಿದ್ದು ಒಂದೇ ವಾಕ್ಯ: ಚಳಿಗಾಲ ಬರಲಿ, ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ.

ಆ ಭಾಷೆಯ ಆ ಕ್ರಿಯಾಪದಕ್ಕೆ ಎರಡು ಮುಖ. ನಮ್ಮಲ್ಲೂ ಇಲ್ಲವೇ? "ಅಪ್ಪ ಅಮ್ಮನ್ನ ನಾನು ನೋಡ್ಕೋತೀನಿ" ಎಂದು ಮಗ ಹೇಳಿದರೆ ಕಣ್ಣು ತುಂಬಿ ಬರುತ್ತದೆ. ಬೀದಿಯಲ್ಲಿ ಕಾಲರ್ ಹಿಡಿದು "ನಿನ್ನ ನೋಡ್ಕೋತೀನಿ" ಎಂದರೆ ಎದೆ ಝಲ್ಲೆನ್ನುತ್ತದೆ. ಪದ ಅದೇ. ದನಿ ಬೇರೆ. ಕೆಮ್ಮಜ್ಜನ ದನಿಯಲ್ಲಿ ಆ ಹೊತ್ತು ಬಿಸಿಯೂ ಇರಲಿಲ್ಲ, ತಂಪೂ ಇರಲಿಲ್ಲ.

"ಪದಕ್ಕೆ ಪದ ಇಟ್ಟು ಹೇಳಿಬಿಡಬಹುದಿತ್ತು," ಎನ್ನುತ್ತಾರೆ ದುಭಾಷಿ. "ನನ್ನ ತಪ್ಪು ಅಂತ ಯಾರೂ ಅನ್ನೋ ಹಾಗಿರಲಿಲ್ಲ. ಆದ್ರೆ ಪದಾನ ಯಾವುದೋ ಒಂದು ದನೀಲಿ ಹೇಳ್ಬೇಕಲ್ಲ? ಮೆತ್ತಗೆ ಹೇಳಿದ್ರೆ ನಾನು ಅವರ ಪರ ಸಿಹಿ ಸೇರಿಸಿದ ಹಾಗೆ. ಸಪ್ಪೆಯಾಗಿ ಹೇಳಿದ್ರೆ, ಆ ಕೋಣೆ ಅವತ್ತು ಇದ್ದ ಸ್ಥಿತೀಲಿ, ಎಲ್ಲರೂ ಬೆದರಿಕೆ ಅಂತಲೇ ಕೇಳಿಸ್ಕೋತಾರೆ. ನಮ್ಮ ಕಡೆ ಭದ್ರತೆಯವರು ಆಗಲೇ ಕುರ್ಚಿ ಹಿಂದಕ್ಕೆ ತಳ್ಳಿ ಕೂತಿದ್ರು."

ಗಡಿಯಾರ ಮುಂಗೈ ನೋಡಿಕೊಂಡು, ಹಿಂದಕ್ಕೆ ತಿರುಗಿ, "ಏನಂದ್ರು?" ಎಂದರು.

ದುಭಾಷಿಗೆ ಮೇಜಿನ ಬಳಿ ಸ್ವಂತ ಮಾತಿಲ್ಲ. ಆ ಬದಿಯವರು 'ನಾನು' ಎಂದರೆ ಇವರೂ 'ನಾನು' ಎನ್ನಬೇಕು. ತಮ್ಮದೇ ಏನಾದರೂ ಹೇಳಲೇಬೇಕಾಗಿ ಬಂದರೆ ತಮ್ಮನ್ನು ಮೂರನೆಯವರೆಂಬಂತೆ ಕರೆದುಕೊಳ್ಳಬೇಕು. ಅದೂ ಅಂಕಿ ಕೇಳಿಸದಿದ್ದಾಗ, ಹೆಸರು ತಿಳಿಯದಿದ್ದಾಗ ಮಾತ್ರ. ಹೇಳಿದವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಅಧಿಕಾರ ಅವರಿಗಿಲ್ಲ.

"ಈ ಮಾತಿಗೆ ಎರಡು ಅರ್ಥ ಇದೆ. ಯಾವುದು ಅಂತ ಕೇಳಲು ದುಭಾಷಿ ಅನುಮತಿ ಬೇಡುತ್ತಿದ್ದಾರೆ," ಎಂದರು ನಮ್ಮ ಭಾಷೆಯಲ್ಲಿ. ಉತ್ತರಕ್ಕೆ ಕಾಯದೆ, ನಿಯಮದಂತೆ, ಅದನ್ನೇ ಆ ಭಾಷೆಯಲ್ಲೂ ಹೇಳಿದರು. ಎರಡೂ ಕಡೆಗೆ ಒಮ್ಮೆಗೇ ಗೊತ್ತಾಗಿಹೋಯಿತು. ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಕೆಮ್ಮಜ್ಜ ಅವತ್ತಿನವರೆಗೆ ಆ ಕುರ್ಚಿಯ ಕಡೆ ಕಣ್ಣೆತ್ತಿ ನೋಡಿದವರಲ್ಲ. ಅವತ್ತು ನೋಡಿದರು. ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. "ಈ ಭಾಷೆ ಎಲ್ಲಿ ಕಲಿತೆ ಮಗಳೇ?" ಎಂದು ಕೇಳಿದರು.

ಇದು ಸಭೆಯ ಮಾತಲ್ಲ. ಆದರೆ ಸಭೆಯಲ್ಲಿ ಆಡಿದ ಮಾತು. ಅನುವಾದ ಮಾಡದೆ ಬಿಡುವಂತಿಲ್ಲ. ಹಾಗಾಗಿ ದುಭಾಷಿ ಗಡಿಯಾರದ ಕಡೆ ತಿರುಗಿ, ಗಂಭೀರವಾಗಿ, "ಈ ಭಾಷೆ ಎಲ್ಲಿ ಕಲಿತೆ ಮಗಳೇ," ಎಂದರು. ಗಡಿಯಾರಕ್ಕೆ ಕಕ್ಕಾಬಿಕ್ಕಿ. ಆಮೇಲೆ ದುಭಾಷಿ ಎರಡೂ ಭಾಷೆಗಳಲ್ಲಿ, "ನನ್ನ ತಾಯಿಯಿಂದ. ಅವರು ಹೊಳೆಯಾಚೆಯವರು," ಎಂದರು. ಮೇಜಿನ ಬಳಿ 'ನನ್ನ' ಎಂಬ ಮಾತು ಅವರದೇ ಆಗಿದ್ದು ಅದೇ ಮೊದಲು.

"ಹಾಗಾದ್ರೆ ನಿನ್ನ ತಾಯಿ ಆ ಮಾತನ್ನ ಯಾವ ಅರ್ಥದಲ್ಲಿ ಆಡ್ತಾರೋ ಅದೇ ಅಂತ ಇಟ್ಕೋ," ಎಂದರು ಕೆಮ್ಮಜ್ಜ.

"ಅವರು ಎರಡೂ ಅರ್ಥದಲ್ಲಿ ಆಡ್ತಾರೆ ಸ್ವಾಮಿ. ಒಂದೇ ದಿನ," ಎಂದರು ದುಭಾಷಿ.

ಆ ಬದಿಯಲ್ಲಿ ನಗು ಎದ್ದಿತು. ಅದನ್ನು ಈ ಭಾಷೆಗೆ ತಂದ ಮೇಲೆ ಈ ಬದಿಯಲ್ಲೂ ಎದ್ದಿತು. ಭದ್ರತೆಯವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಗು ಇಳಿದ ಮೇಲೆ ಕೆಮ್ಮಜ್ಜ ಬಹಳ ಹೊತ್ತು ಮೇಜಿನ ಹಸಿರು ಬಟ್ಟೆಯನ್ನು ಬೆರಳಿನಿಂದ ಸವರುತ್ತ ಕೂತರು. ಈ ಸಲ ಕೆಮ್ಮಲಿಲ್ಲ. "ಠಾಣೆಯ ವಿಷಯಕ್ಕೆ ನಾವು ಜಗಳ ಆಡೋಣ. ನಾಳೆಯೂ ಆಡೋಣ. ಆದರೆ ಚಳಿಗಾಲದಲ್ಲಿ ಲೈನ್ ಕಡಿಯುವುದಿಲ್ಲ. ಮಕ್ಕಳು ಮುದುಕರು ಎರಡೂ ದಡದಲ್ಲಿದ್ದಾರೆ," ಎಂದರು. ದುಭಾಷಿ ಅದನ್ನು ಅಕ್ಷರಕ್ಕೆ ಅಕ್ಷರ ದಾಟಿಸಿದರು. ದನಿ ಯಾವುದು ಎಂದು ಅವರು ಯೋಚಿಸಬೇಕಾಗಿ ಬರಲಿಲ್ಲ.

ಹಾಗಾದರೆ ಕೆಮ್ಮಜ್ಜ ಮೊದಲು ಹೇಳಿದ್ದು ಯಾವ ಅರ್ಥದಲ್ಲಿ? ದುಭಾಷಿ ಕೈಯಲ್ಲಿದ್ದ ಬಟ್ಟಲು ಕೆಳಗಿಡುತ್ತಾರೆ. "ಅವರಿಗೇ ಗೊತ್ತಿತ್ತೋ ಇಲ್ವೋ. ನಮಗೂ ಸಿಟ್ಟಲ್ಲಿ ಹಾಗಾಗಲ್ವಾ? ಬಾಯಿಂದ ಬಂದ ಮೇಲೆ, ಯಾರಾದ್ರೂ ತಡೆದು ಕೇಳಿದ್ರೆ, ಆಗ ಯೋಚನೆ ಮಾಡ್ತೀವಿ. ನಾನು ಕೇಳಿದೆ. ಅವರು ಆರಿಸ್ಕೊಂಡ್ರು. ಆರಿಸ್ಕೊಂಡಿದ್ದು ಅವರ ದೊಡ್ಡತನ. ಅದರಲ್ಲಿ ನಂದೇನಿಲ್ಲ."

ಇಲಾಖೆಗೆ ಮಾತ್ರ ಇದರಲ್ಲಿ ಅವರದು ಬಹಳವೇ ಇದೆ ಎನ್ನಿಸಿತು. ಮರುದಿನ ವಿಭಾಗದ ಮುಖ್ಯಸ್ಥೆ ಕರೆಸಿದರು. ಆಕೆಯೂ ಒಂದು ಕಾಲದಲ್ಲಿ ತಟ್ಟೆಯಿಲ್ಲದ ಕುರ್ಚಿಯಲ್ಲಿ ಕೂತವರೇ. ಬಾಗಿಲು ಹಾಕಿ, ಚಹಾ ತರಿಸಿ, ಆಮೇಲೆ ಮಾತು ತೆಗೆದರು.

"ಎಲ್ಲ ಒಳ್ಳೇದಾಯ್ತು ಅಂತ ಎಲ್ಲರೂ ಹೇಳ್ತಿದ್ದಾರೆ. ನಾನೂ ಹೇಳ್ತೀನಿ. ಆದ್ರೆ ನೀವು ಕೇಳಿದಾಗ ಅವರು 'ಹೌದು, ಬೆದರಿಕೆನೇ' ಅಂದಿದ್ರೆ? ಅದುವರೆಗೆ ಮಬ್ಬಾಗಿದ್ದ ಮಾತನ್ನ ನೀವು ಕೆದಕಿ ಗಟ್ಟಿ ಮಾಡಿದ ಹಾಗೆ ಆಗ್ತಿರಲಿಲ್ವಾ?"

"ಆಗ್ತಿತ್ತು," ಎಂದರು ದುಭಾಷಿ.

"ಅವತ್ತು ರಾತ್ರಿ ಇದೇ ಯೋಚನೇಲಿ ನಂಗೆ ನಿದ್ದೆ ಬರಲಿಲ್ಲ ಕಣಮ್ಮ."

"ನಂಗೂ ಬರಲಿಲ್ಲ ಮೇಡಂ."

ಇಬ್ಬರೂ ಚಹಾ ಕುಡಿದರು. ದುಭಾಷಿಯನ್ನು ಆ ಮಾತುಕತೆಯ ಮೇಜಿನಿಂದ ತೆಗೆದು ಕಾಗದದ ಕೆಲಸಕ್ಕೆ ಹಾಕಿದರು. ಒಪ್ಪಂದಕ್ಕೆ ಸಹಿ ಬಿದ್ದ ದಿನ ಹಿಂದಿನ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಇವರು ಕೆಳಮಹಡಿಯ ಕೋಣೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ ಬದಲಿಸುವ ವಿಧಾನವನ್ನು ಅನುವಾದ ಮಾಡುತ್ತಿದ್ದರು. ಮೇಲಿನಿಂದ ಚಪ್ಪಾಳೆ ಕೇಳಿಸಿತಂತೆ. ಬೇಜಾರಾಯಿತೇ ಎಂದರೆ, "ಆಗದೆ ಇರುತ್ತಾ? ಆಯ್ತು. ಮುಖ ತೊಳ್ಕೊಂಡು ಬಂದು ಎಣ್ಣೆ ಮುಂದುವರಿಸಿದೆ," ಎನ್ನುತ್ತಾರೆ. ಮುಖ್ಯಸ್ಥೆಯ ಮೇಲೆ ಅವರಿಗೆ ಎಳ್ಳಷ್ಟೂ ಕೋಪವಿಲ್ಲ. "ಅವರ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ. ದುಭಾಷಿಗಳೆಲ್ಲ ಅರ್ಥ ಕೇಳ್ತಾ ಕೂತ್ರೆ ಮಾತುಕತೆ ನಡೆಯೋದು ಹೇಗೆ?"

ಹೇಳಬೇಕೆಂದರೆ ಆ ಚಳಿಗಾಲ ಈ ಮನೆಗೆ ಚೆನ್ನಾಗಿಯೇ ಬಂತು. ಕಾಗದದ ಕೆಲಸಕ್ಕೆ ಸಂಜೆಯ ಔತಣಗಳಿಲ್ಲ. ದುಭಾಷಿ ಬೆಳಕಿರುವಾಗಲೇ ಮನೆಗೆ ಬರುತ್ತಿದ್ದರು. ಲೈನು ಕಡಿಯಲಿಲ್ಲ. ಲಿಫ್ಟುಗಳು ನಿಲ್ಲಲಿಲ್ಲವಾದ್ದರಿಂದ ಗಂಡನೂ ಹೊತ್ತಿಗೆ ಸರಿಯಾಗಿ ಊಟಕ್ಕಿರುತ್ತಿದ್ದರು. ತಾಯಿಯ ಕೋಣೆ ಬೆಚ್ಚಗಿತ್ತು. ಸಂಜೆ ಮೂವರೂ ಹೀಟರಿನ ಮುಂದೆ ಕೂತರೆ ತಾಯಿ ಹುಡುಗಿಯಾಗಿದ್ದಾಗಿನ ಹೊಳೆಯ ಕತೆ ತೆಗೆಯುತ್ತಿದ್ದರು, ಮಗಳು ಗಂಡನಿಗೆ ಹೇಳುತ್ತಿದ್ದರು. ಆ ಕತೆಗಳಲ್ಲಿ ಅವರು ಒಂದು ಪದವನ್ನೂ ಬದಲಿಸುತ್ತಿರಲಿಲ್ಲವಂತೆ.

ಆ ಸಂಜೆಗಳಲ್ಲೇ ಒಂದು ವಿಷಯ ಅವರಿಗೆ ಗಟ್ಟಿಯಾದದ್ದು. ತಾಯಿ ಈಗ ಮಗಳನ್ನು ಮಗಳೆಂದು ಕರೆಯುವುದಿಲ್ಲ. ತಂಗಿ ಎನ್ನುತ್ತಾರೆ. "ನೀನು ಯಾಕೆ ಇಷ್ಟು ತೆಳ್ಳಗಾದೆ? ದೋಣಿ ಕಟ್ಟಿ ಬಂದ್ಯಾ?" ಎಂದು ಕೇಳುತ್ತಾರೆ. "ಮೊದಮೊದಲು 'ಅಮ್ಮಾ, ನಾನು ನಿನ್ನ ಮಗಳು' ಅಂತ ತಿದ್ದುತ್ತಿದ್ದೆ. ಅಳೋಕೆ ಶುರು ಮಾಡೋರು. ಈಗ 'ಕಟ್ಟಿ ಬಂದೆ ಅಕ್ಕ' ಅಂದುಬಿಡ್ತೀನಿ. ಆಮೇಲೆ ಆ ಕಡೆ ತಿರುಗಿ ಕಣ್ಣು ಒರೆಸ್ಕೋತೀನಿ, ಅಷ್ಟೇ."

ನಿಜವಾದ ತಂಗಿ ಬದುಕಿದ್ದಾರೆ. ಹೊಳೆಯಾಚೆಯ ಮೊದಲ ಪಟ್ಟಣದಲ್ಲಿ, ಮೊಮ್ಮಗಳ ಮನೆಯಲ್ಲಿ. ಈ ಕಟ್ಟಡದ ತಾರಸಿ ಹತ್ತಿದರೆ ಅಲ್ಲಿಯ ನೀರಿನ ಟ್ಯಾಂಕಿನ ದೀಪ ಕಾಣುತ್ತದೆ. ಫೋನು ಮಾಡಬಹುದು, ಮಾಡಿಯೂ ಇದ್ದಾರೆ. "ನಮ್ಮಮ್ಮನಿಗೆ ನೆನಪಿಲ್ಲ, ಚಿಕ್ಕಮ್ಮನಿಗೆ ಕಿವಿ ಕೇಳಲ್ಲ. ಇವರು ಯಾರು ಯಾರು ಅಂತಾರೆ, ಅವರು ಏನು ಏನು ಅಂತಾರೆ. ನಾನು ನಡುವೆ ನಿಂತು ಏನಂತ ಅನುವಾದ ಮಾಡ್ಲಿ? ಇಬ್ಬರದೂ ಒಂದೇ ಭಾಷೆ!" ನಗುತ್ತಾರೆ, ನಗು ಮುಗಿಯುವ ಮುನ್ನ ತಾಯಿಯ ಶಾಲು ಸರಿಮಾಡುತ್ತಾರೆ. "ಮುಖ ನೋಡಿದ್ರೆ ಗುರುತು ಸಿಗುತ್ತೇನೋ ಅಂತ ಆಸೆ. ಕೈ ಮುಟ್ಟಿದ್ರಾದ್ರೂ."

ಬೇಸಿಗೆಯ ಕೊನೆಗೆ ದುಭಾಷಿಯನ್ನು ಮತ್ತೆ ಮೇಜಿಗೆ ಕರೆದರು. ಯಾರೂ ಕಾರಣ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮುಂದಿನ ತಿಂಗಳು ಎರಡೂ ದೇಶಗಳು ಮತ್ತೆ ಕೂರಲಿವೆ. ಎರಡನೇ ಲೈನು ಎಳೆಯುವ ಮಾತಿದೆ, ಗಡಿ ಕಾವಲಿನ ಮಾತು ಇದ್ದೇ ಇದೆ. ಆ ಗಡಿ ಕಾವಲಿನ ಕೆಳಗೆ, ಕೊನೆಯಲ್ಲಿ, ಪತ್ರಿಕೆಗಳು ಅಷ್ಟಾಗಿ ಗಮನಿಸದ ಒಂದು ಸಣ್ಣ ವಿಷಯ ಈ ಸಲ ಸೇರಿದೆ. ಎಪ್ಪತ್ತು ದಾಟಿದವರು ಒಬ್ಬ ಜೊತೆಗಾರರೊಂದಿಗೆ ಸೇತುವೆ ದಾಟಿ, ರಕ್ತಸಂಬಂಧಿಗಳನ್ನು ನೋಡಿ ಬರಲು ಬಿಡಬಹುದೇ ಎಂಬುದು.

ವಿಷಯಗಳ ಪಟ್ಟಿ ಬಂದ ದಿನ ದುಭಾಷಿ ಮೆಟ್ಟಿಲು ಹತ್ತಿ ಮುಖ್ಯಸ್ಥೆಯ ಕೋಣೆಗೆ ಹೋದರು.

"ಮೇಡಂ, ಆ ಕೊನೇ ವಿಷಯ ಬಂದಾಗ ನನ್ನ ಬದಲು ಬೇರೆಯವರನ್ನ ಕೂರಿಸಿ."

"ಯಾಕೆ? ಆ ದಡದ ಹಳ್ಳಿ ಮಾತು, ಸಂಬಂಧಗಳ ಮಾತು ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?"

"ಅದು ನನ್ನ ವಿಷಯ ಮೇಡಂ. ನಮ್ಮಮ್ಮನ ವಿಷಯ. ಅವರು ಬೇಡ ಅಂದ್ರೆ ಆ 'ಬೇಡ' ನನ್ನ ಬಾಯಿಂದ ಸರಿಯಾಗಿ ಬರಲ್ಲ."

ಮುಖ್ಯಸ್ಥೆ ಆಗಲಿ ಎಂದರಂತೆ. ಹಾಗಾಗಿ ಆ ವಿಷಯ ಬಂದಾಗ ದುಭಾಷಿ ಎದ್ದು ಹೊರಗೆ ಬರುತ್ತಾರೆ, ಬೇರೊಬ್ಬರು ಒಳಗೆ ಹೋಗುತ್ತಾರೆ. ಏನು ತೀರ್ಮಾನವಾಯಿತೆಂದು ಅವರಿಗೆ ಗೊತ್ತಾಗುವುದು ನಮಗೆ ನಿಮಗೆಲ್ಲ ಗೊತ್ತಾಗುವ ಹೊತ್ತಿಗೇ.

ಹೊರಗೆ ಬೆಳಕು ಹರಿದಿದೆ. ತಾಯಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾರೆ. ಅವರನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ ಹೆಣಿಗೆ ಬುಟ್ಟಿ ಹಿಡಿದು ಬಂದಾಗಿದೆ. ದುಭಾಷಿ ಕಪ್ಪು ಕೋಟು ಹಾಕಿಕೊಂಡು, ಗುಂಡಿ ಹಾಕಿ, ಬಾಗಿಲಿಗೆ ಬರುತ್ತಾರೆ. ಒಪ್ಪಿಗೆ ಸಿಕ್ಕಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರಿಗೆ ಯೋಚಿಸಬೇಕಾಗಿ ಬರುವುದಿಲ್ಲ.

"ರಜ ಹಾಕ್ತೀನಿ. ಅಮ್ಮನ್ನ ಕರ್ಕೊಂಡು ಹೋಗಿ ಚಿಕ್ಕಮ್ಮನ ಎದುರಿಗೆ ಕೂರಿಸ್ತೀನಿ. ಆಮೇಲೆ ಹಾಲು ತರೋ ನೆಪ ಹೇಳಿ ಹೊರಗೆ ಹೋಗಿಬಿಡ್ತೀನಿ," ಎನ್ನುತ್ತಾರೆ. "ಅಕ್ಕ ತಂಗಿಯರ ಮಧ್ಯೆ ನಾನ್ಯಾಕೆ?"